ಕೈಮಾರುವ ಹೊಣೆ

ಬೆಂಗಳೂರಿನ ಮೂಡಣ ಅಂಚಿನಲ್ಲಿರುವ ಪಟ್ಟಂದೂರು ಅಗ್ರಹಾರವು, ಹೆಸರೇ ಸೂಚಿಸುವಂತೆ, ಎಂದೋ ಒಂದು ಕಾಲದಲ್ಲಿ ವಿದ್ವಜ್ಜನರಿಗೆ ದತ್ತಿಯಾಗಿ ಸಂದ ಊರಿನ ಸ್ಮರಣೆಯನ್ನು ಹೊತ್ತು ನಿಂತಿದೆ. 1990ರ ದಶಕದಲ್ಲಿ ಭಾರತ ಮತ್ತು ಸಿಂಗಪುರಗಳ ಸಹಯೋಗದಿಂದ ಅಲ್ಲಿ ಐಟಿಪಿಎಲ್ ಎಂದು ಜನ ಕರೆಯುವ ತಂತ್ರಜ್ಞಾನ ಪಾರ್ಕು ಎದ್ದ ಮೇಲೆ, ಮತ್ತು 2023ರ ಮಾರ್ಚ್ 25ರಂದು ಕಾಡುಗೋಡಿಯಿಂದ ಕೃಷ್ಣರಾಜಪುರದವರೆಗಿನ ಮೆಟ್ರೊ ಹಾದಿ ತೆರೆದು ಊರಿನ ಹೆಸರೇ ಒಂದು ನಿಲ್ದಾಣದ ಹೆಸರಾದ ಮೇಲೆ, ಪ್ರತಿನಿತ್ಯವೂ ಸಹಸ್ರಾರು ಮಂದಿ ಆ ಹೆಸರನ್ನು ಕೇಳಿಸಿಕೊಂಡು ಅಲ್ಲಿ ಇಳಿಯುತ್ತಾರೆ. ಹಾಗೆ ಇಳಿದವರು ಹಗಲೆಲ್ಲ ಆಡತಕ್ಕ ಇಂಗ್ಲಿಷಿನಲ್ಲಿ 'ಪಾಸಿಂಗ್ ದ ಬಕ್' ಎಂಬುದು ಬಹಳ ಬಳಕೆಯ ಮಾತು. ಒಂದು ಕೆಲಸ ಕೆಟ್ಟಿತು, ಅಥವಾ ಆಗಬೇಕಾದ ಹೊತ್ತಿಗೆ ಆಗಲಿಲ್ಲ. ವಿಚಾರಿಸಹೋದರೆ ಒಂದು ತಂಡದವರು ಇನ್ನೊಂದು ತಂಡವನ್ನೂ, ಆ ತಂಡದವರು ಮತ್ತೊಂದನ್ನೂ ತೋರಿಸುತ್ತಾರೆ. ಆಗ ಯಾರೋ ಬೇಸತ್ತು ಈ ಮಾತನ್ನು ಹೇಳುತ್ತಾರೆ. ಅದೇ ಕಟ್ಟಡದ ಹೊರಗೆ, ಚಹಾದ ಅಂಗಡಿಯ ಮುಂದೆ, ಅದೇ ಸಂಕಟವು ಕನ್ನಡದಲ್ಲಿ 'ಸುಮ್ಮಸುಮ್ಮನೆ ನನ್ನ ಮೇಲೆ ಯಾಕೆ ಗೂಬೆ ಕೂರಿಸ್ತೀರಾ?' ಎಂದು ಹೊರಬೀಳುತ್ತದೆ. ಈ ಎರಡನ್ನೂ ಒಂದೇ ಅರ್ಥದ ಮಾತುಗಳೆಂದು ಭಾವಿಸುವುದು ವಾಡಿಕೆಯಾಗಿದೆ. ಅವು ಒಂದೇ ಅಲ್ಲವೆಂದೂ, ಮೊದಲನೆಯದು ನಡೆದದ್ದರ ಫಲವಾಗಿಯೇ ಎರಡನೆಯದು ನಡೆಯುತ್ತದೆಂದೂ, ಈ ಸಂಬಂಧವನ್ನು ಅರಿಯದಿರುವುದರಿಂದ ನಮ್ಮ ಊರಿಗೆ ದೊಡ್ಡ ಕೇಡಾಗಿದೆಯೆಂದೂ ನನಗೆ ದೃಢವಾಗಿ ತೋರುತ್ತದೆ.

ಇಂಗ್ಲಿಷಿನಲ್ಲಿ 'ಬಕ್' ಎಂದರೆ ಗಂಡು ಜಿಂಕೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಪಶ್ಚಿಮ ಸೀಮೆಯಲ್ಲಿ, ಗಣಿಯ ಕೆಲಸಗಾರರೂ ದನಗಾಹಿಗಳೂ ಸಿಪಾಯಿಗಳೂ ಸಂಜೆಯ ಹೊತ್ತು ಕೂಡಿ ಕುಳಿತು ಆಡುತ್ತಿದ್ದ ಇಸ್ಪೀಟಿನ ಆಟ ಪೋಕರ್. ಆ ಆಟದಲ್ಲಿ ಎಲೆ ಹಂಚುವ ಕೆಲಸ ಒಬ್ಬನಿಂದ ಒಬ್ಬನಿಗೆ ಸರದಿಯ ಮೇಲೆ ಬರುತ್ತದೆ. ಹಂಚುವವನ ಕೈಯಲ್ಲಿ ಮೋಸಕ್ಕೆ ಅವಕಾಶವಿರುವುದರಿಂದ ಎಲ್ಲರ ಕಣ್ಣೂ ಅವನ ಮೇಲೆಯೇ. ಸೋತವನಿಗೆ ಮೊದಲು ಸಂಶಯ ಹುಟ್ಟುವುದೂ ಅವನ ಮೇಲೆಯೇ. ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಆಡಲು ಕುಳಿತವರ ನಡುವೆ ಅಂತಹ ಸಂಶಯ ಸಣ್ಣದಾಗಿರಲಿಲ್ಲ. ಸರದಿ ಯಾರದೆಂಬ ಬಗ್ಗೆ ಜಗಳ ಹುಟ್ಟದಿರಲೆಂದು ಹಂಚತಕ್ಕವನ ಮುಂದೆ ಒಂದು ವಸ್ತುವನ್ನು ಗುರುತಾಗಿ ಇಡುವುದು ಪದ್ಧತಿಯಾಯಿತು. ಆ ಕಾಲದ ಚಾಕುಗಳಿಗೆ ಜಿಂಕೆಯ ಕೊಂಬಿನ ಹಿಡಿಯಿರುತ್ತಿದ್ದು, ಅಂತಹ ಚಾಕುವೊಂದನ್ನು ಗುರುತಾಗಿ ಇಡುತ್ತಿದ್ದುದರಿಂದ, ಆ ಗುರುತಿಗೇ 'ಬಕ್' ಎಂಬ ಹೆಸರು ಅಂಟಿಕೊಂಡಿತೆಂಬುದು ವಿದ್ವಾಂಸರಲ್ಲಿ ಹೆಚ್ಚು ಮನ್ನಣೆ ಪಡೆದಿರುವ ವಿವರಣೆ. ಹಂಚಲು ಇಷ್ಟವಿಲ್ಲದವನು ಆ ಗುರುತನ್ನು ಪಕ್ಕದವನ ಮುಂದಕ್ಕೆ ಸರಿಸಬಹುದಾಗಿತ್ತು. ಅಷ್ಟು ಮಾಡಿದರೆ ಹಂಚುವ ಕೆಲಸವೂ ಅದರೊಡನೆ ಬರುವ ಸಂಶಯವೂ ಅವನನ್ನು ದಾಟಿ ಮುಂದೆ ಹೋಗುತ್ತಿದ್ದುವು.

ಈ ಮಾತು 1860ರ ದಶಕದ ಅಮೆರಿಕದ ಪತ್ರಿಕೆಗಳಲ್ಲಿಯೇ ಅಚ್ಚಾಗಿದೆ. ಮಾರ್ಕ್ ಟ್ವೇನನು 1872ರಲ್ಲಿ ಪ್ರಕಟಿಸಿದ 'ರಫಿಂಗ್ ಇಟ್' ಎಂಬ ಪ್ರವಾಸಗ್ರಂಥದಲ್ಲಿ, ಗೆಳೆಯನ ಅಂತ್ಯಕ್ರಿಯೆಗೆ ಪಾದ್ರಿಯನ್ನು ಕರೆಯಬಂದ ನೆವಾಡದ ಒರಟು ಮನುಷ್ಯನೊಬ್ಬನು, ಪಾದ್ರಿಯ ಗ್ರಾಂಥಿಕ ಭಾಷೆ ತಲೆಗೆ ಹತ್ತದೆ ಹೋದಾಗ, ತನ್ನ ಕೈಸೋತಿತು, ಆಟ ಮುಂದೆ ಸಾಗಲಿ ಎಂಬ ಅರ್ಥದಲ್ಲಿ ಇದನ್ನು ಆಡುತ್ತಾನೆ. ಆ ಹೊತ್ತಿಗೆ ಮಾತು ಇನ್ನೂ ಇಸ್ಪೀಟಿನ ಮೇಜಿನ ಮಗ್ಗುಲಲ್ಲಿಯೇ ಇತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದು ಮೇಜನ್ನು ಬಿಟ್ಟು ಸೈನ್ಯದ ಶಿಬಿರಗಳಿಗೂ ಸರಕಾರದ ಕಚೇರಿಗಳಿಗೂ ನಡೆದುಬಂದಿತು. ಅಲ್ಲಿ ಅದಕ್ಕೆ ಈಗಿನ ಅರ್ಥ ನೆಲೆಯಾಯಿತು.

ಈ ನುಡಿಗಟ್ಟಿಗೆ ಜಗತ್ಪ್ರಸಿದ್ಧಿಯನ್ನು ತಂದುಕೊಟ್ಟವನು ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್. ಒಕ್ಲಹೋಮ ಸಂಸ್ಥಾನದ ಎಲ್ ರೀನೊ ಎಂಬಲ್ಲಿದ್ದ ಸೆರೆಮನೆಯ ಅಧಿಕಾರಿಯೊಬ್ಬನ ಮೇಜಿನ ಮೇಲೆ, ಕೈಮಾರಿ ಬಂದ ಹೊಣೆ ಇಲ್ಲಿಗೆ ನಿಂತಿತು ಎಂಬರ್ಥದ ಒಂದು ಮರದ ಫಲಕವಿತ್ತು. ಅದನ್ನು ಕಂಡ ಟ್ರೂಮನ್ನನ ಮಿತ್ರನೊಬ್ಬನು ಅಂತಹುದೇ ಇನ್ನೊಂದನ್ನು ಮಾಡಿಸಿಕೊಡಲು ಕೇಳಿದನು. ಅದು 1945ರ ಅಕ್ಟೋಬರ್ 2ರಂದು ಅಧ್ಯಕ್ಷನಿಗೆ ರವಾನೆಯಾಯಿತು. ಟ್ರೂಮನ್ ಸ್ವತಃ ಪೋಕರ್ ಆಟದ ಪ್ರೇಮಿಯಾಗಿದ್ದುದರಿಂದ ಫಲಕದ ಮಾತಿನ ಮೂಲವನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1953ರ ಜನವರಿಯಲ್ಲಿ ಅಧಿಕಾರವನ್ನು ಬಿಟ್ಟು ತೆರಳುವ ಮುನ್ನ ದೇಶವನ್ನು ಉದ್ದೇಶಿಸಿ ಮಾಡಿದ ಭಾಷಣದಲ್ಲಿಯೂ, ಅಧ್ಯಕ್ಷನಾದವನು ತನ್ನ ನಿರ್ಣಯವನ್ನು ಮತ್ತೊಬ್ಬರ ಕಡೆಗೆ ಸರಿಸಲಾರನು, ಅವನಿಗಾಗಿ ನಿರ್ಣಯ ಮಾಡತಕ್ಕವರು ಬೇರೆ ಯಾರೂ ಇಲ್ಲ, ಅವನ ಕೆಲಸವೆಂದರೆ ಅದೇ ಎಂಬ ಅಭಿಪ್ರಾಯವನ್ನು ಅವನು ಹೇಳಿದನು. ಅವನ ನಿರ್ಣಯಗಳೆಲ್ಲವೂ ಸಾಧುವಾಗಿದ್ದುವೆಂದು ನಾನು ಹೇಳಲಾರೆ. ಹಿರೋಷಿಮಾ, ನಾಗಸಾಕಿಗಳನ್ನು ನೆನೆದವರು ಯಾರೂ ಹಾಗೆ ಸುಲಭವಾಗಿ ಹೇಳಲಾರರು. ಆದರೆ ಆ ನಿರ್ಣಯ ಯಾರದೆಂದು ಹುಡುಕುವ ಶ್ರಮವನ್ನು ಅವನು ಇತಿಹಾಸಕ್ಕೆ ಕೊಡಲಿಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಇಸ್ಪೀಟಿನ ಮೇಜಿನ ಮೇಲೆ ಕೈಯಿಂದ ಕೈಗೆ ಸರಿಯುತ್ತಿದ್ದುದು ಅಪರಾಧವಲ್ಲ, ಅದು ಸರದಿ. ಚಾಕು ಮುಂದೆ ಬಂದಾಗ ಇನ್ನೂ ಯಾರೂ ತಪ್ಪು ಮಾಡಿರಲಿಲ್ಲ, ಎಲೆಗಳನ್ನು ಹಂಚಿಯೇ ಇರಲಿಲ್ಲ. ಮುಂದೆ ಮಾಡಬೇಕಾದ ಒಂದು ಕರ್ತವ್ಯ ಯಾರದೆಂಬುದಷ್ಟೇ ಅಲ್ಲಿಯ ಪ್ರಶ್ನೆ. ಆಗಿಹೋದ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ಇಂಗ್ಲಿಷಿನಲ್ಲಿ ಬೇರೊಂದು ಮಾತಿದೆ. ಅದರ ಮೂಲ ಇನ್ನೂ ಪ್ರಾಚೀನವಾದುದು. ಬೈಬಲಿನ ಯಾಜಕಕಾಂಡದ ಹದಿನಾರನೆಯ ಅಧ್ಯಾಯದಲ್ಲಿ ವರ್ಣಿತವಾಗಿರುವ ಪ್ರಾಯಶ್ಚಿತ್ತ ದಿನದ ವಿಧಿಯಂತೆ ಎರಡು ಹೋತಗಳನ್ನು ತಂದು, ಚೀಟಿ ಹಾಕಿ, ಒಂದನ್ನು ದೇವರಿಗೆ ಬಲಿಗೊಡುತ್ತಾರೆ. ಇನ್ನೊಂದರ ತಲೆಯ ಮೇಲೆ ಮಹಾಯಾಜಕನು ಎರಡು ಕೈಗಳನ್ನೂ ಇಟ್ಟು, ಜನಸಮೂಹದ ಪಾಪಗಳನ್ನೆಲ್ಲ ಉಚ್ಚರಿಸಿ, ಅವನ್ನು ಅದರ ಮೇಲೆ ಹೊರಿಸಿ ಮರುಭೂಮಿಗೆ ಅಟ್ಟಿಸುತ್ತಾನೆ. ವಿಲಿಯಂ ಟಿಂಡೇಲನು 1530ರಲ್ಲಿ ಮಾಡಿದ ಇಂಗ್ಲಿಷ್ ಭಾಷಾಂತರದಲ್ಲಿ ಈ ಪ್ರಾಣಿಗೆ ಇಟ್ಟ ಹೆಸರೇ 'ಸ್ಕೇಪ್‌ಗೋಟ್' ಆಗಿ ಉಳಿಯಿತು. ಮೂಲದ ವಿಧಿಯಲ್ಲಿ ಒಂದು ಪ್ರಾಮಾಣಿಕತೆಯಿತ್ತೆಂಬುದನ್ನು ಮರೆಯಬಾರದು: ಪಾಪ ಜನರದೆಂದು ಮೊದಲು ಬಹಿರಂಗವಾಗಿ ಒಪ್ಪಿಕೊಳ್ಳಲಾಗುತ್ತಿತ್ತು, ಹೋತವು ಪಾಪಿಯೆಂದು ಯಾರೂ ಹೇಳುತ್ತಿರಲಿಲ್ಲ. ಇಂದಿನ ಲೋಕವು ಆ ಒಪ್ಪಿಗೆಯನ್ನು ಕೈಬಿಟ್ಟು ಹೋತವನ್ನು ಮಾತ್ರ ಇಟ್ಟುಕೊಂಡಿದೆ.

ನಮ್ಮ ಕನ್ನಡದ ಗಾದೆಗಳು ಬಹುಮಟ್ಟಿಗೆ ಈ ಎರಡನೆಯ ಬಗೆಯವು, ಎಂದರೆ ತಪ್ಪು ನಡೆದುಹೋದ ಮೇಲಿನವು. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಮೂತಿಗೆ ಒರೆಸಿತು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕುಣಿಯಲಾರದವಳು ನೆಲ ಡೊಂಕು ಎಂದಳು. ಮೇಕೆ, ಕೊತ್ತಿ, ಎಮ್ಮೆ, ಕಟ್ಟಕಡೆಗೆ ನೆಲ: ಮರುಮಾತಾಡಲಾರದ ಜೀವವನ್ನೋ ಜಡವನ್ನೋ ಹುಡುಕಿ ಅದರ ಮೇಲೆ ದೋಷವನ್ನಿಡುವ ಮನುಷ್ಯಸ್ವಭಾವವನ್ನು ನಮ್ಮ ಹಳ್ಳಿಯ ಜನ ಎಷ್ಟು ನಿರ್ದಯವಾಗಿ ಬಲ್ಲವರಾಗಿದ್ದರು! ಗೂಬೆಯ ಮಾತೂ ಇದೇ ಜಾತಿಯದು. ಮನೆಯ ಮೇಲೆ ಗೂಬೆ ಕುಳಿತರೆ ಅಶುಭವೆಂದು ಶಾಂತಿ ಮಾಡಿಸುತ್ತಿದ್ದ, ಕೆಲವು ದಿನ ಮನೆಯನ್ನೇ ಬಿಡುತ್ತಿದ್ದ ಕಾಲದಲ್ಲಿ, ಬೇಕೆಂದೇ ಇನ್ನೊಬ್ಬನ ಮೇಲೆ ಗೂಬೆಯನ್ನು ಕೂರಿಸುವುದೆಂದರೆ ಅವನನ್ನು ಊರಿನ ದೃಷ್ಟಿಯಲ್ಲಿ ಅಮಂಗಳನನ್ನಾಗಿ ಮಾಡುವ ಕ್ರೌರ್ಯವಾಗಿತ್ತು.

ಗಾದೆಗಳಿಗಿಂತ ಮುಂದೆ ಹೋಗಿ ಈ ವಿಷಯವನ್ನು ಸಮಗ್ರವಾಗಿ ಕಂಡಿರುವುದು ನಮ್ಮ ಒಂದು ಜನಪದ ಕಥೆ. ಎ. ಕೆ. ರಾಮಾನುಜನ್ ಅವರು 1991ರಲ್ಲಿ ಹೊರತಂದ ಭಾರತದ ಜನಪದ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಇದನ್ನು ಕನ್ನಡದ ಕಥೆಯಾಗಿಯೇ ಸೇರಿಸಿದ್ದಾರೆ. ಇದರ ಬಂಧುವೊಂದನ್ನು ಹಿಂದಿಯಲ್ಲಿ ಭಾರತೇಂದು ಹರಿಶ್ಚಂದ್ರರು 1881ರಲ್ಲಿ 'ಅಂಧೇರ್ ನಗರಿ' ಎಂಬ ನಾಟಕವಾಗಿ ಬರೆದರು. ಅವಿವೇಕಿ ರಾಜ, ಅವನಿಗೆ ತಕ್ಕ ಮಂತ್ರಿ. ಹಗಲು ಮಲಗಿ ರಾತ್ರಿ ದುಡಿಯಬೇಕೆಂದು ಅಪ್ಪಣೆಯಾದ ರಾಜ್ಯ. ಒಬ್ಬ ಕಳ್ಳ ಶ್ರೀಮಂತ ವರ್ತಕನ ಮನೆಗೆ ಕನ್ನ ಕೊರೆಯುತ್ತಿರುವಾಗ ಗೋಡೆ ಕುಸಿದು ಸಾಯುತ್ತಾನೆ. ಅವನ ತಮ್ಮ ಅರಮನೆಗೆ ಹೋಗಿ, ತಮ್ಮ ಕುಲಕಸುಬನ್ನು ಮಾಡುತ್ತಿದ್ದ ಅಣ್ಣ ಸತ್ತನೆಂದೂ, ಸರಿಯಾದ ಗೋಡೆ ಕಟ್ಟಿಸದ ವರ್ತಕನೇ ಕೊಲೆಗಾರನೆಂದೂ ದೂರು ಕೊಡುತ್ತಾನೆ. ರಾಜನು ವರ್ತಕನನ್ನು ಕರೆಸುತ್ತಾನೆ. ವರ್ತಕನು ಗೋಡೆ ಕಟ್ಟಿದವನು ತಾನಲ್ಲ, ಗಾರೆಯವನು ಎನ್ನುತ್ತಾನೆ. ಮುದಿ ಗಾರೆಯವನು ಬಂದು, ತಾನು ಕಟ್ಟುತ್ತಿದ್ದಾಗ ಒಬ್ಬ ನರ್ತಕಿ ಗೆಜ್ಜೆಯ ಸದ್ದು ಮಾಡುತ್ತ ಆ ಬೀದಿಯಲ್ಲಿ ಓಡಾಡಿದಳು, ಕಣ್ಣು ಅತ್ತ ಹೋಗಿ ಕೈ ತಪ್ಪಿತು ಎನ್ನುತ್ತಾನೆ. ನರ್ತಕಿಯು ತಾನು ಸುಮ್ಮನೆ ಓಡಾಡಲಿಲ್ಲ, ಒಡವೆ ಮಾಡಿಕೊಡಬೇಕಾದ ಅಕ್ಕಸಾಲಿ ಹತ್ತಾರು ಸಲ ತಿರುಗಿಸಿದನು ಎನ್ನುತ್ತಾಳೆ. ಅಕ್ಕಸಾಲಿಯು, ಒಬ್ಬ ಸಾಹುಕಾರನ ಮನೆಯ ಮದುವೆಯ ಒಡವೆ ಅವಸರದ್ದಾಗಿತ್ತು, ಅದರಿಂದ ಇದು ತಡವಾಯಿತು ಎನ್ನುತ್ತಾನೆ. ಆ ಸಾಹುಕಾರನಾರೆಂದು ನೋಡಿದರೆ, ಗೋಡೆ ಬಿದ್ದ ಮನೆಯ ವರ್ತಕನ ತಂದೆಯೇ! ತಂದೆ ಸತ್ತು ಹೋಗಿದ್ದಾನೆ. ಅವನ ಆಸ್ತಿಯ ಜೊತೆಗೆ ಪಾಪವೂ ಮಗನಿಗೇ ಸೇರತಕ್ಕದ್ದೆಂದು ತೀರ್ಪಾಗುತ್ತದೆ. ಅವನಿಗಾಗಿ ಶೂಲವನ್ನು ಸಿದ್ಧಮಾಡಿದ ಮೇಲೆ, ಆ ಶೂಲಕ್ಕೆ ವರ್ತಕನು ತೀರ ಬಡಕಲಾದನೆಂದು ಮಂತ್ರಿಗೆ ಹೊಳೆಯುತ್ತದೆ. ಶೂಲಕ್ಕೆ ಹೊಂದುವ ದಪ್ಪನೆಯ ಮನುಷ್ಯನನ್ನು ಹುಡುಕಿ ತರುತ್ತಾರೆ. ಸಿಕ್ಕಿದವನು, ಎಲ್ಲವೂ ಒಂದೇ ದುಡ್ಡಿಗೆ ಸಿಗುವ ಈ ಊರಿನಲ್ಲಿ ತಿಂದು ಕೊಬ್ಬಿದ ಪರದೇಶಿ ಶಿಷ್ಯ. ಅವನ ಗುರು ಬಂದು, ಆ ಶೂಲದ ಮೇಲೆ ಮೊದಲು ಸಾಯುವವನು ಮುಂದಿನ ಜನ್ಮದಲ್ಲಿ ಈ ರಾಜ್ಯಕ್ಕೆ ಅರಸನಾಗುವನೆಂದು ನಂಬಿಸಿ, ರಾಜನೂ ಮಂತ್ರಿಯೂ ತಾವಾಗಿಯೇ ಶೂಲವನ್ನೇರುವಂತೆ ಮಾಡುತ್ತಾನೆ.

ಮಕ್ಕಳು ಈ ಕಥೆಯನ್ನು ಕೇಳಿ ನಗುತ್ತಾರೆ. ಆದರೆ ವಿಚಾರಣೆಯಲ್ಲಿ ಒಬ್ಬೊಬ್ಬರು ಆಡುವ ಮಾತನ್ನು ಬಿಡಿಬಿಡಿಯಾಗಿ ತೂಗಿ ನೋಡಿದರೆ ಯಾವುದೂ ಸುಳ್ಳಲ್ಲ: ನರ್ತಕಿ ಓಡಾಡಿದ್ದೂ ನಿಜ, ಅಕ್ಕಸಾಲಿ ತಡಮಾಡಿದ್ದೂ ನಿಜ, ಸಾಹುಕಾರನು ಅವಸರಪಡಿಸಿದ್ದೂ ನಿಜ. ಪ್ರತಿಯೊಬ್ಬರೂ ಸತ್ಯವನ್ನೇ ಹೇಳುತ್ತ ಹೋದರೂ ಕೊನೆಗೆ ಒಬ್ಬ ನಿರಪರಾಧಿ ಶೂಲದ ಬುಡಕ್ಕೆ ಬಂದು ನಿಲ್ಲುತ್ತಾನೆ. ಆ ಊರಿನಲ್ಲಿ ಗೋಡೆ ಬೀಳುವುದಕ್ಕೆ ಮುಂಚೆ ಅದನ್ನು ನೋಡತಕ್ಕ ಸರದಿ ಯಾರದಾಗಿತ್ತೆಂಬ ಪ್ರಶ್ನೆಯನ್ನು ರಾಜನೂ ಕೇಳಲಿಲ್ಲ, ಮಂತ್ರಿಯೂ ಕೇಳಲಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಇದ್ದವರಿಗೆ ಆಮೇಲೆ ದಪ್ಪನೆಯ ಮನುಷ್ಯನೊಬ್ಬ ಬೇಕೇ ಬೇಕಾಗುತ್ತಾನೆ.

ಈ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವಿದೆ. ಪಟ್ಟಂದೂರು ಅಗ್ರಹಾರದಿಂದ ದಕ್ಷಿಣಕ್ಕೆ ಕೆಲವೇ ಮೈಲಿಗಳ ಅಂತರದಲ್ಲಿ ವರ್ತೂರು ಕೆರೆಯೂ, ಅದರ ಮೇಲ್ಗಡೆ ಬೆಳ್ಳಂದೂರು ಕೆರೆಯೂ ಇವೆ. ಬೆಳ್ಳಂದೂರು ಕೆರೆ ಸುಮಾರು 900 ಎಕರೆಗಳಷ್ಟು ವಿಸ್ತಾರದ್ದು, ನಗರದ ಕೆರೆಗಳಲ್ಲೆಲ್ಲ ದೊಡ್ಡದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಗೆ ದುರಸ್ತಿಗಾಗಿ ಬರುತ್ತಿದ್ದ ಕ್ಯಾಟಲೀನಾ ಎಂಬ ನೀರ್ವಿಮಾನಗಳು ಇಳಿಯುತ್ತಿದ್ದುದು ಅದರ ನೀರಿನ ಮೇಲೆ. ಅದರ ಅಚ್ಚುಕಟ್ಟಿನಲ್ಲಿ ಬೆಳೆ ಬೆಳೆದವರು, ಅದರಲ್ಲಿ ಮೀನು ಹಿಡಿದವರು, ಅದರ ನೀರನ್ನು ಕುಡಿದವರು ನಮ್ಮ ನಡುವೆ ಇನ್ನೂ ಇದ್ದಾರೆ. ಆ ಕೆರೆಗೆ ದಶಕಗಳ ಕಾಲ, ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳ ರಾಜಕಾಲುವೆಗಳ ಮೂಲಕ, ನಗರದ ಕೊಳಚೆಯ ಬಹುದೊಡ್ಡ ಪಾಲು ಹರಿದು ಬಂದಿತು. ಸಾಬೂನಿನ ಪುಡಿಯ ರಾಸಾಯನಿಕಗಳು ನೀರಿನಲ್ಲಿಯೂ ಹೂಳಿನಲ್ಲಿಯೂ ಕೂಡುತ್ತ ಹೋಗಿ, ಕೋಡಿಯಲ್ಲಿ ನೀರು ಧುಮುಕುವ ರಭಸಕ್ಕೆ ಕಡೆದಂತಾಗಿ, ಆಳೆತ್ತರದ ನೊರೆಯೆದ್ದಿತು. ವರ್ತೂರು ಕೋಡಿಯಲ್ಲಿ ವೈಟ್‌ಫೀಲ್ಡಿನ ಕಡೆಗೆ ಕೆಲಸಕ್ಕೆ ಹೊರಟವರ ಮುಖದ ಮೇಲೆ ಗಾಳಿಗೆ ಹಾರಿ ಬಂದು ಬೀಳುತ್ತಿದ್ದುದು ಆ ನೊರೆಯೇ. 2015ರ ಮೇ ತಿಂಗಳಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿಕೊಂಡಿತು. 2017ರ ಫೆಬ್ರವರಿಯಲ್ಲಿ ಮತ್ತೆ ಕೆರೆಯೇ ಹೊತ್ತಿ ಹೊಗೆಯಾಡಿತು. 2018ರ ಜನವರಿ 19ರಂದು ಹತ್ತಿದ ಬೆಂಕಿಯನ್ನು ಆರಿಸಲು ಪಕ್ಕದ ಸೇನಾ ಕೇಂದ್ರದ ಯೋಧರು ಧಾವಿಸಿ ಬರಬೇಕಾಯಿತು. ನೀರಿಗೆ ಬೆಂಕಿ ಬೀಳುವುದನ್ನು ನಮ್ಮ ಪುರಾಣಗಳು ಪ್ರಳಯದ ಲಕ್ಷಣವೆಂದು ಎಣಿಸುತ್ತವೆ. ನಮ್ಮ ನಗರವು ಅದನ್ನು ಸಾಮಾನ್ಯ ವರ್ಷಗಳಲ್ಲಿ ಕಂಡಿತು.

ಯಾರು ಹೊಣೆ? ಕೆರೆಯ ಒಡೆತನವಿದ್ದುದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ. ಆದರೆ ಕೊಳಚೆಯನ್ನು ಬಿಟ್ಟವರು ತಾವಲ್ಲವೆಂಬುದು ಅವರ ಸಮಾಧಾನ. ಕೊಳಚೆಯನ್ನು ಸಾಗಿಸಿ ಶುದ್ಧಿಮಾಡತಕ್ಕದ್ದು ಜಲಮಂಡಳಿ. ಆದರೆ ತಮ್ಮ ಒಳಚರಂಡಿಗೆ ಸೇರದೆ ಮಳೆಯ ಕಾಲುವೆಗೆ ಅಕ್ರಮವಾಗಿ ಬೀಳುವುದಕ್ಕೆ ತಾವೇನು ಮಾಡಬೇಕೆಂಬುದು ಅವರ ಪ್ರಶ್ನೆ. ಮಳೆಯ ಕಾಲುವೆ ಮಹಾನಗರ ಪಾಲಿಕೆಯದಾಗಿತ್ತು. ಆದರೆ ಕಾಲುವೆಯಲ್ಲಿ ಹರಿಯುವುದು ಮಳೆಯ ನೀರಲ್ಲವೆಂಬುದು ಅವರ ಆಕ್ಷೇಪಣೆ. ಮಾಲಿನ್ಯ ನಿಯಂತ್ರಣ ಮಂಡಳಿಯು ನೋಟೀಸು ಕೊಡಬಲ್ಲದು, ಕೊಳವೆ ಹಾಕಲಾರದು. ಕೆರೆಗಳಿಗಾಗಿಯೇ 2002ರಲ್ಲಿ ಹುಟ್ಟಿದ ಪ್ರಾಧಿಕಾರವೊಂದಿತ್ತು. ಅದಕ್ಕೆ ಬಹುಕಾಲ ಶಾಸನದ ಬಲವೇ ಇರಲಿಲ್ಲ. ಮೇಲಿನ ಊರಿನವರು ಕೆಳಗಿನ ಊರನ್ನು ಕಾಣರು. ಅಪಾರ್ಟ್‌ಮೆಂಟಿನವರು ತಮ್ಮ ಕಟ್ಟಡವನ್ನು ಮಾರಿದವನನ್ನು ದೂರುವರು. ಗಾರೆಯವನು, ನರ್ತಕಿ, ಅಕ್ಕಸಾಲಿ ಎಂದು ಕಥೆಯಲ್ಲಿ ಬಂದುದಕ್ಕೂ ಇದಕ್ಕೂ ಏನು ಭೇದ? ಇಲ್ಲಿಯೂ ಪ್ರತಿಯೊಂದು ಮಾತೂ ಅಂಶತಃ ಸತ್ಯವೇ. ಪ್ರತಿಯೊಂದು ಸಂಸ್ಥೆಯ ಮುಂದೆಯೂ ಸರದಿಯ ಚಾಕು ಬಂದಿತ್ತು, ಪ್ರತಿಯೊಂದೂ ಅದನ್ನು ಪಕ್ಕಕ್ಕೆ ಸರಿಸಿತ್ತು. ವ್ಯತ್ಯಾಸವೇನೆಂದರೆ ನೆವಾಡದ ಮೇಜಿನ ಮೇಲೆ ಚಾಕು ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ನಮ್ಮಲ್ಲಿ ಅದು ಕಡತಗಳ ಅಡಿಯಲ್ಲಿ ಸರಿಯಿತು.

ಬೆಂಕಿ ಹತ್ತಿದ ಮೇಲೆ ಹೋತವನ್ನು ಹುಡುಕುವ ಕಾಲ ಬಂದಿತು. ದಡದ ಒಣಹುಲ್ಲಿಗೆ ಯಾರೋ ಕಿಡಿ ಹಚ್ಚಿದರೆಂಬ ಮಾತು ಹುಟ್ಟಿತು. ಕಸ ಸುಟ್ಟವರ ಮೇಲೆ ಬೊಟ್ಟು ಮಾಡಿದ್ದಾಯಿತು. 2017ರ ಏಪ್ರಿಲಿನಲ್ಲಿ ಕೆರೆಯ ಸುತ್ತಣ ಕೈಗಾರಿಕೆಗಳನ್ನು ಮುಚ್ಚಿಸಲು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಆಜ್ಞೆಮಾಡಿತು. ಅವುಗಳಲ್ಲಿ ಮಲಿನಜಲವನ್ನು ಬಿಟ್ಟವು ಇದ್ದಿರಲಿಕ್ಕೆ ಸಾಕು, ಅವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಕೆರೆಯನ್ನು ಕೊಂದದ್ದು ಮುಖ್ಯವಾಗಿ ಮನೆಗಳ ಕೊಳಚೆ, ನಮ್ಮ ಬಚ್ಚಲಿನ, ನಮ್ಮ ಅಡುಗೆಮನೆಯ, ನಮ್ಮ ಬಟ್ಟೆ ಒಗೆಯುವ ಯಂತ್ರದ ನೀರು. ಸಣ್ಣ ಕಾರ್ಖಾನೆಯ ಬಾಗಿಲಿಗೆ ಬೀಗ ಹಾಕುವುದು ಒಂದು ದಿನದ ಕೆಲಸ. ನಗರದ ಅರ್ಧ ಭಾಗದ ಕೊಳವೆಗಳನ್ನು ಸರಿಪಡಿಸುವುದು ಅನೇಕ ವರ್ಷಗಳ ಕೆಲಸ. ಸುಲಭವಾದುದು ಮೊದಲು ನಡೆಯಿತು.

ಆದರೂ ನ್ಯಾಯಾಧಿಕರಣವು ಅಲ್ಲಿಗೆ ನಿಲ್ಲಲಿಲ್ಲವೆಂಬುದನ್ನು ಕೃತಜ್ಞತೆಯಿಂದ ಸ್ಮರಿಸಬೇಕು. 2018ರ ಡಿಸೆಂಬರ್‌ನಲ್ಲಿ ಅದು ರಾಜ್ಯ ಸರಕಾರಕ್ಕೆ 50 ಕೋಟಿ ರೂಪಾಯಿಗಳನ್ನೂ ಮಹಾನಗರ ಪಾಲಿಕೆಗೆ 25 ಕೋಟಿಯನ್ನೂ ಪರಿಹಾರವಾಗಿ ವಿಧಿಸಿ, ಕೆರೆಗಳ ಪುನರುಜ್ಜೀವನಕ್ಕಾಗಿ 500 ಕೋಟಿಯನ್ನು ಪ್ರತ್ಯೇಕವಾಗಿ ತೆಗೆದಿರಿಸಬೇಕೆಂದು ಆದೇಶಿಸಿತು, ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ ನೇತೃತ್ವದಲ್ಲಿ ಮೇಲ್ವಿಚಾರಣೆಯ ಸಮಿತಿಯನ್ನು ನೇಮಿಸಿತು. ಹಣದ ಮೊತ್ತಕ್ಕಿಂತ ಈ ಸಮಿತಿಯನ್ನೇ ನಾನು ಹೆಚ್ಚು ಬೆಲೆಯುಳ್ಳದ್ದೆಂದು ಎಣಿಸುತ್ತೇನೆ. ದಂಡವು ಆಗಿಹೋದ ತಪ್ಪಿಗೆ ಸಂಬಂಧಿಸಿದ್ದು. ಸಮಿತಿಯು, ಯಾರು ಯಾವ ಕೆಲಸವನ್ನು ಯಾವ ದಿನಾಂಕದೊಳಗೆ ಮಾಡತಕ್ಕದ್ದೆಂದು ಕೇಳಬಲ್ಲುದಾಗಿತ್ತು. ಅದರಿಂದೀಚೆಗೆ ಹೂಳೆತ್ತುವ, ಕೊಳಚೆಯನ್ನು ಬೇರೆ ಹಾದಿಗೆ ತಿರುಗಿಸುವ ಕೆಲಸಗಳು, ನಿಧಾನವಾಗಿಯಾದರೂ, ಕಣ್ಣಿಗೆ ಕಾಣುವಂತೆ ಮುಂದುವರಿದಿವೆ.

ಹಿಂದಿನ ಕಾಲದ ಕೆರೆಗೆ ಸರದಿಯ ಗುರುತು ಸ್ಪಷ್ಟವಾಗಿತ್ತು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಪಟೇಲ, ಶಾನುಭೋಗ, ತಳವಾರ, ತೋಟಿ ಮೊದಲಾದ ಆಯಗಾರರ ಸಾಲಿನಲ್ಲಿ ನೀರುಗಂಟಿಯೂ ಒಬ್ಬನಿದ್ದನು. ತೂಬನ್ನು ಎತ್ತುವವನು, ಇಳಿಸುವವನು ಅವನೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ನೋಡತಕ್ಕವನು ಅವನೇ. ಏರಿಯಲ್ಲಿ ಬಿಲ ಬಿದ್ದಿದೆಯೆ, ಕೋಡಿಯ ಕಲ್ಲು ಸಡಿಲವಾಗಿದೆಯೆ ಎಂದು ಮಳೆಗಾಲದ ರಾತ್ರಿ ನಡೆದು ನೋಡುತ್ತಿದ್ದವನೂ ಅವನೇ. ಊರಿನವರು ಸುಗ್ಗಿಯಲ್ಲಿ ಅವನ ಪಾಲಿನ ಧಾನ್ಯವನ್ನು ಕಣದಿಂದಲೇ ಅಳೆದು ಕೊಡುತ್ತಿದ್ದರು. ಈ ವ್ಯವಸ್ಥೆಯನ್ನು ಸ್ವರ್ಣಯುಗವೆಂದು ಚಿತ್ರಿಸುವುದು ಅನ್ಯಾಯವಾದೀತು. ನೀರುಗಂಟಿಗಳು ಬಹುಪಾಲು ದಲಿತರು. ಕರ್ತವ್ಯವೆಲ್ಲ ಅವರದು, ನೀರಿನ ಮೇಲಿನ ಅಧಿಕಾರ ಗದ್ದೆಯುಳ್ಳ ದೊಡ್ಡವರದು. ಏರಿ ಒಡೆದರೆ ಮೊದಲ ಏಟು ಬೀಳುತ್ತಿದ್ದುದು ಅವರ ಬೆನ್ನಿಗೇ. ಹೊಣೆಯನ್ನು ಒಬ್ಬನಿಗೆ ಕೊಟ್ಟು ಅಧಿಕಾರವನ್ನು ಇನ್ನೊಬ್ಬನ ಬಳಿ ಇಟ್ಟರೆ, ಹೊಣೆ ಹೊತ್ತವನನ್ನು ಹೋತವನ್ನಾಗಿಯೇ ನಿಯಮಿಸಿದಂತಾಗುತ್ತದೆ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾನೂನು ವಂಶಪಾರಂಪರ್ಯದ ಆ ಹುದ್ದೆಗಳನ್ನು ತೆಗೆದುಹಾಕಿದ್ದು ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಯುಕ್ತವೇ ಆಗಿತ್ತು. ಆದರೆ ಹುದ್ದೆಯ ಜಾತಿಬಂಧನವನ್ನು ಕಳಚಿ, ಗೌರವವಾದ ಸಂಬಳವನ್ನು ಕೊಟ್ಟು, ಆ ಕೆಲಸವನ್ನು ಉಳಿಸಿಕೊಳ್ಳುವ ಯೋಚನೆ ನಮಗೆ ಹೊಳೆಯಲಿಲ್ಲ. ಮಳೆಯ ರಾತ್ರಿ ಏರಿಯ ಮೇಲೆ ನಡೆಯುವ ಕಾಲುಗಳು ಇಲ್ಲದಾದುವು. ಅವುಗಳ ಸ್ಥಾನಕ್ಕೆ ಐದಾರು ಇಲಾಖೆಗಳು ಬಂದುವು.

ತಪ್ಪಿತಸ್ಥನನ್ನು ಹುಡುಕುವುದನ್ನು ಬೇಕೆಂದೇ ಬದಿಗಿಟ್ಟ ವಿದ್ಯೆಯೊಂದು ಆಧುನಿಕ ಜಗತ್ತಿನಲ್ಲಿ ಬೆಳೆದಿರುವುದು ಈ ಸಂದರ್ಭದಲ್ಲಿ ವಿಚಾರಾರ್ಹವಾಗಿದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1951ರಲ್ಲಿ ಮೊದಲು ಅಂಗೀಕರಿಸಿದ ಹದಿಮೂರನೆಯ ಅನುಬಂಧವು, ವಿಮಾನಾಪಘಾತದ ತನಿಖೆಯ ಉದ್ದೇಶವು ಮುಂದೆ ಅಂತಹ ಅಪಘಾತವಾಗದಂತೆ ತಡೆಯುವುದೇ ಹೊರತು ದೋಷಾರೋಪಣೆಯಲ್ಲವೆಂದು ವಿಧಿಸುತ್ತದೆ. ಹೆದರಿದ ಮನುಷ್ಯನು ಸತ್ಯವನ್ನು ಬಚ್ಚಿಡುತ್ತಾನೆ, ಬಚ್ಚಿಟ್ಟ ಸತ್ಯವು ಇನ್ನೊಂದು ವಿಮಾನವನ್ನು ಬೀಳಿಸುತ್ತದೆ ಎಂಬ ಅನುಭವವೇ ಈ ವಿಧಿಯ ಹಿಂದಿರುವುದು. ಪಟ್ಟಂದೂರು ಅಗ್ರಹಾರದ ಗಾಜಿನ ಕಟ್ಟಡಗಳಲ್ಲಿ ದುಡಿಯುವ ಸಾಫ್ಟ್‌ವೇರ್ ತಂತ್ರಜ್ಞರೂ ಇತ್ತೀಚಿನ ವರ್ಷಗಳಲ್ಲಿ ಇದನ್ನು ಅನುಸರಿಸತೊಡಗಿದ್ದಾರೆ. ನಡುರಾತ್ರಿ ಸರ್ವರ್ ಕುಸಿದರೆ, ಮರುದಿನದ ವಿಮರ್ಶೆಯಲ್ಲಿ ಯಾರು ಕೆಡಿಸಿದರೆಂದು ಕೇಳದೆ, ಕೆಡಲು ಯಾವ ಲೋಪ ದಾರಿಮಾಡಿತೆಂದು ಬರೆದಿಡುತ್ತಾರೆ. ಇದು ಹೊಣೆಗೇಡಿತನಕ್ಕೆ ಪ್ರೋತ್ಸಾಹವೆಂದು ಶಂಕಿಸುವವರುಂಟು. ಅವರು ಆ ವಿಮರ್ಶೆಯ ಕೊನೆಯ ಪುಟವನ್ನು ನೋಡಬೇಕು: ಇನ್ನು ಮುಂದೆ ಮಾಡತಕ್ಕ ಪ್ರತಿಯೊಂದು ಕೆಲಸದ ಎದುರಿನಲ್ಲಿಯೂ ಒಬ್ಬ ವ್ಯಕ್ತಿಯ ಹೆಸರೂ ಒಂದು ದಿನಾಂಕವೂ ಇರುತ್ತವೆ. ಕೆಟ್ಟುಹೋದದ್ದಕ್ಕೆ ಹೆಸರಿಲ್ಲ, ಮಾಡಬೇಕಾದದ್ದಕ್ಕೆ ಹೆಸರಿದೆ. ಅದೇ ಊರಿನಲ್ಲಿ ಹಗಲೆಲ್ಲ ಈ ಶಿಸ್ತಿನಲ್ಲಿ ದುಡಿದವರು ಸಂಜೆ ಮನೆಗೆ ಹೊರಟಾಗ ದಾಟುವ ರಾಜಕಾಲುವೆಗೆ ಮಾತ್ರ ಇಂತಹ ಪುಟವೊಂದು ಇಲ್ಲವಲ್ಲ ಎಂಬುದೇ ನನ್ನ ದುಃಖ.

ರಾಜೀನಾಮೆಯನ್ನು ಹೊಣೆಗಾರಿಕೆಯ ಪರಮಾವಧಿಯೆಂದು ನಾವು ಕೊಂಡಾಡುತ್ತೇವೆ. 1956ರ ನವೆಂಬರಿನಲ್ಲಿ ಅರಿಯಲೂರಿನ ರೈಲು ದುರಂತವಾದಾಗ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಮಂತ್ರಿಪದವಿಯನ್ನು ಬಿಟ್ಟರು. 1984ರ ಲೋಕಸಭಾ ಚುನಾವಣೆಯಲ್ಲಿ ತಮ್ಮ ಪಕ್ಷಕ್ಕೆ ರಾಜ್ಯದ 28 ಸ್ಥಾನಗಳಲ್ಲಿ 4 ಮಾತ್ರ ದೊರೆತಾಗ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿಗೆ ರಾಜೀನಾಮೆಯಿತ್ತು ಜನರ ಮುಂದೆ ಹೊಸದಾಗಿ ಹೋದರು. ಅಂತಹ ಆತ್ಮಗೌರವ ಈಗ ವಿರಳವಾಗಿರುವುದರಿಂದ ಆ ಉದಾಹರಣೆಗಳು ಪೂಜ್ಯವೇ. ಆದರೂ ಹೊರಟುಹೋಗುವವನು ದೋಷವನ್ನು ತಾನು ಕೊಂಡೊಯ್ಯುತ್ತಾನಷ್ಟೆ. ಸರದಿಯನ್ನು ಮುಂದೆ ಬರುವವನಿಗೆ ಬಿಟ್ಟು ಹೋಗಲೇಬೇಕಾಗುತ್ತದೆ. ಕುಳಿತು ಕೆಲಸವನ್ನು ಮುಗಿಸುವವನ ಹೊಣೆ, ಪತ್ರಿಕೆಗಳಿಗೆ ಅಷ್ಟು ಆಕರ್ಷಕವಲ್ಲದಿದ್ದರೂ, ನನ್ನ ಮನಸ್ಸಿಗೆ ಇನ್ನೂ ಕಠಿಣವಾದದ್ದೆಂದು ತೋರುತ್ತದೆ.

ಈ ಸರದಿಯನ್ನು ಯಾರೂ ಕೊಡದಿದ್ದರೂ ತಾವಾಗಿ ಎತ್ತಿಕೊಂಡವರೂ ಇಲ್ಲದಿಲ್ಲ. ಪಟ್ಟಂದೂರು ಅಗ್ರಹಾರದ ಕೆರೆಯ ಜಾಗಕ್ಕೆ ಖಾಸಗಿಯವರು ಹಕ್ಕು ಹೂಡಿದಾಗ, ಸುತ್ತಲಿನ ನಿವಾಸಿಗಳು, ಅವರಲ್ಲಿ ಬಹಳ ಮಂದಿ ಬೇರೆ ಬೇರೆ ಪ್ರಾಂತಗಳಿಂದ ಉದ್ಯೋಗಕ್ಕೆಂದು ಬಂದು ನೆಲಸಿದವರು, ಕೆರೆ ಉಳಿಯಬೇಕೆಂದು ಬೀದಿಗಿಳಿದು ಪ್ರತಿಭಟಿಸಿದರು. ಕೆರೆ ತಮ್ಮ ಅಜ್ಜಂದಿರದಲ್ಲವೆಂದು ಹೇಳಿ ಸುಮ್ಮನಾಗಲು ಅವರಿಗೆ ಎಲ್ಲ ಅವಕಾಶವೂ ಇತ್ತು.

2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಮಹದೇವಪುರದ ಪ್ರದೇಶವೆಲ್ಲ, ಅದರೊಡನೆ ಪಟ್ಟಂದೂರು ಅಗ್ರಹಾರವೂ, ಪೂರ್ವ ಪಾಲಿಕೆಗೆ ಸೇರಿದೆ. ಬೆಳ್ಳಂದೂರು ಕೆರೆಗೆ ಬರುವ ಕೊಳಚೆ ಹುಟ್ಟುವ ಬಡಾವಣೆಗಳಾದರೋ ಒಂದಕ್ಕಿಂತ ಹೆಚ್ಚು ಪಾಲಿಕೆಗಳಲ್ಲಿ ಹಂಚಿಹೋಗಿವೆ. ವರ್ತೂರಿನಿಂದ ಕೆಳಗೆ ಅದೇ ನೀರು ದಕ್ಷಿಣ ಪಿನಾಕಿನಿಯನ್ನು ಸೇರಿ, ಗಡಿಯನ್ನು ದಾಟಿ, ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಲ್ಲಿ ನೊರೆಯಾಗಿ ಏಳುತ್ತದೆ. ಗಡಿಗಳನ್ನು ಹೆಚ್ಚಿಸಿಕೊಂಡಾಗಲೆಲ್ಲ ಪಕ್ಕಕ್ಕೆ ಸರಿಸಲು ಒಂದು ಮಗ್ಗುಲು ಹೆಚ್ಚುತ್ತದೆ. ಆದಕಾರಣ ಹೊಸ ಪಾಲಿಕೆಗಳು ಕಟ್ಟಡಗಳನ್ನೂ ನೌಕರರನ್ನೂ ತೆರಿಗೆಯ ಬಾಬುಗಳನ್ನೂ ಹಂಚಿಕೊಳ್ಳುವಾಗ, ಒಂದು ಪಾಲಿಕೆಯಲ್ಲಿ ಹುಟ್ಟಿ ಇನ್ನೊಂದರಲ್ಲಿ ಕೊನೆಗಾಣುವ ಪ್ರತಿಯೊಂದು ರಾಜಕಾಲುವೆಗೂ, ಮೊದಲಿಂದ ಕೊನೆಯವರೆಗೆ ನಡೆದು ನೋಡುವ ಅಧಿಕಾರವೂ ದುರಸ್ತಿಯ ಹಣವೂ ಇರುವ ಒಬ್ಬ ಇಂಜಿನಿಯರನ್ನು ಹೆಸರಿಟ್ಟು ನೇಮಿಸಬೇಕು. ಆ ಹೆಸರನ್ನು ಕಾಲುವೆಯ ಪ್ರತಿಯೊಂದು ಸೇತುವೆಯ ಮೇಲೆಯೂ, ದಾರಿಹೋಕನಿಗೆ ಓದಲು ಬರುವಷ್ಟು ದೊಡ್ಡ ಕನ್ನಡದ ಅಕ್ಷರಗಳಲ್ಲಿ, ಮುಂದಿನ ಮಳೆಗಾಲಕ್ಕೆ ಮುಂಚೆ ಬರೆಸಬೇಕು.